ಸೇವಂತಿಗೆಗೆ ಎಪ್ಪತ್ತು ಸಂಜೆ

ಆಗಸ್ಟ್ ೧೧, ಸೋಮವಾರ

ಅವಳು ಹೋಗಿ ಇವತ್ತಿಗೆ ಎಂಟು ದಿನ. ಯಾರಿಗೂ ಹೇಳಿಲ್ಲ. ಹೇಳೋಣವೆಂದರೆ ಯಾರೂ ಇಲ್ಲ. ಅದಕ್ಕೇ ಕೆಲಸದ ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಯಾರ ಬಾಯಿಗೆ ಎಷ್ಟು ಹಲ್ಲು, ಯಾವ ಬಣ್ಣ, ಯಾವತ್ತಿಗೆ ಬೇಕು ಎಂದಿದೆ. ನಾನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮನೆಯ ನಡುಮನೆಯಲ್ಲೇ ಕೂತು ಸೆಟ್ ಮಾಡಿ ಕಳಿಸುತ್ತೇನೆ.

ಹನ್ನೊಂದು ವರ್ಷದ ಸಂಸಾರ. ಜಗಳ ಅನ್ನುವಂಥ ಜಗಳ ಆಗಲಿಲ್ಲ. ಆ ಭಾನುವಾರ ಸಂಜೆ ನಾನು ಮೇಲ್ದವಡೆಯ ಸೆಟ್ಟೊಂದಕ್ಕೆ ಪಾಲಿಶ್ ಹಾಕುತ್ತಿದ್ದೆ. ಅವಳು ಬ್ಯಾಗ್ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

"ರೀ, ನಾನು ತಮ್ಮನ ಮನೆಗೆ ಹೋಗ್ತಿದ್ದೀನಿ."

"ಸರಿ. ಯಾವಾಗ ಬರ್ತೀಯ?" ಅಂದೆ, ತಲೆ ಎತ್ತದೆ.

ಉತ್ತರ ಬರಲಿಲ್ಲ. ಮೆಶಿನ್ನಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಅದನ್ನು ನಿಲ್ಲಿಸಿ ನೋಡಿದರೆ ಅವಳು ಇರಲಿಲ್ಲ. ಬಾಗಿಲು ಮುಚ್ಚಿಕೊಂಡಿತ್ತು. ಮರುದಿನ ಫೋನ್ ಮಾಡಿ, ಇನ್ನು ಬರುವುದಿಲ್ಲ ಎಂದಳು.

ನಾನೇನು ಕುಡಿಯುತ್ತಿದ್ದೆನೇ? ಕೈ ಎತ್ತಿದ್ದೆನೇ? ಮನೆ ಬಿಟ್ಟು ಎಲ್ಲಿಗೂ ಹೋದವನಲ್ಲ. ಇಪ್ಪತ್ನಾಲ್ಕು ಗಂಟೆಯೂ ಕಣ್ಣೆದುರಿಗೇ ಇದ್ದ ಗಂಡನನ್ನು ಬಿಟ್ಟು ಹೋಗುತ್ತಾರೆಂದರೆ ಏನು ಹೇಳುವುದು.

ಆಗಸ್ಟ್ ೧೪, ಗುರುವಾರ

ಭಾವಮೈದುನನ ಫೋನ್ ಬಂತು. ಒಳ್ಳೆಯವನು, ಎರಡು ಕಡೆಗೂ ಬೇಕಾದವನು, ಪಾಪ, ಮಾತಾಡುವಾಗ ಗಂಟಲು ಸರಿಮಾಡಿಕೊಳ್ಳುವುದೇ ಹೆಚ್ಚು.

"ಭಾವ, ಅಕ್ಕನಿಗೆ ಒಂದು ಮನೆ ಸಿಕ್ಕಿದೆ. ಅಂಗಡಿಗೂ ಹತ್ರ. ನವೆಂಬರ್ ಹದಿನಾರಕ್ಕೆ ಖಾಲಿ ಆಗತ್ತಂತೆ. ಅವತ್ತು ಬಂದು ಸೇವಂತಿಗೆ ಕುಂಡ ತಗೊಂಡು ಹೋಗ್ತಾಳಂತೆ. ನಮ್ಮನೇಲಿ ಬಿಸಿಲೇ ಬೀಳಲ್ಲ ನೋಡಿ. ಅಲ್ಲೀವರೆಗೆ ನೀರು ಹಾಕ್ತಿರಿ ಅಂದಿದ್ದಾಳೆ."

"ಬೇರೆ ಏನಂದಳು?"

"ಅಷ್ಟೇ ಅಂದಿದ್ದು, ಭಾವ."

ಅವಳು ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಐದೂವರೆಗೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲು ಆ ಗಿಡ ನೋಡುತ್ತಿದ್ದಳು. ಪ್ರತಿ ವರ್ಷ ಬುಡದ ಮರಿಗಳನ್ನು ಕಿತ್ತು ಹೊಸ ಮಣ್ಣಿಗೆ ನೆಡುತ್ತಿದ್ದಳು. ಸೊಪ್ಪು ಬೆಳೆದಂತೆ ಬೆಳೆಯುತ್ತಿತ್ತೇ ಹೊರತು ಹೂ ಬಿಡುತ್ತಿರಲಿಲ್ಲ. "ನನ್ನ ಗಿಡ ಬರೀ ಎಲೆ" ಎಂದು ನಗುತ್ತಿದ್ದಳು. ನಗುವಾಗ ಎಡಗಡೆಯ ಕೋರೆಹಲ್ಲು ಸ್ವಲ್ಪ ಮುಂದೆ ಬರುತ್ತಿತ್ತು. ಅದು ನೆನಪಿದೆ. ಅವಳು ಯಾಕೆ ನಗುತ್ತಿದ್ದಳೆಂದು ಕೇಳಿದ್ದು ನೆನಪಿಲ್ಲ.

ನವೆಂಬರ್ ಹದಿನಾರರಂದು ಆ ಗಿಡ ತುಂಬ ಹೂವಿರಬೇಕು. ಹೂ ನೋಡಿದರೆ ಅವಳು ಕೂರುತ್ತಾಳೆ. ಕೂತರೆ ಚಹಾ ಕುಡಿಯುತ್ತಾಳೆ. ಚಹಾ ಮುಗಿಯುವುದರೊಳಗೆ ನಾನು ಏನಾದರೂ ಹೇಳಬಲ್ಲೆ. ಏನೆಂದು ಆಮೇಲೆ ಯೋಚಿಸಿದರಾಯಿತು.

ಆಗಸ್ಟ್ ೧೬, ಶನಿವಾರ

ಬೆಳಕಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಕಟ್ಟುಹಲ್ಲಿಗೆ ಬಣ್ಣ ಹೊಂದಿಸುವುದೆಂದರೆ ಬೆಳಕಿನ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಸರಿ ಕಂಡ ಹಲ್ಲು ಬೀದಿಗೆ ಹೋದರೆ ಬೇರೆಯವರ ಹಲ್ಲಿನಂತೆ ಕಾಣುತ್ತದೆ. ಅದಕ್ಕೇ ಮನೆಯಲ್ಲಿ ಒಳ್ಳೆಯ ಬೆಳಕಿರುವ ಒಂದೇ ಒಂದು ಕಿಟಕಿಗೆ ನನ್ನ ಮೇಜು ಹಾಕಿಕೊಂಡಿದ್ದೇನೆ. ಗಿಡ ಅದೇ ಕಿಟಕಿಯ ಕಟ್ಟೆಯ ಮೇಲೆ, ನನ್ನ ದೀಪದ ಪಕ್ಕದಲ್ಲಿ.

ಹೂ ಬಿಡದಿದ್ದರೆ ಬೆಳಕು ಸಾಲದು ಎಂದೇ ಅರ್ಥ. ಕೆಲಸದ ದೀಪವನ್ನು ಗಿಡದ ಕಡೆ ತಿರುಗಿಸಿದೆ. ಇನ್ನೊಂದು ದೀಪ ತಂದು ಮೇಲಿನಿಂದ ಇಳಿಬಿಟ್ಟೆ. ಹೇಗೂ ಹನ್ನೊಂದರವರೆಗೆ ಎದ್ದಿರುತ್ತೇನೆ. ನಾನು ಹಲ್ಲು ಮಾಡಲಿ, ಅದು ಹೂ ಮಾಡಲಿ.

ಆಗಸ್ಟ್ ೩೧, ಭಾನುವಾರ

ನಾಲ್ಕು ಬೆರಳು ಬೆಳೆದಿದೆ. ಎಲೆ ಅಂಗೈ ಅಗಲ. ಮೊಗ್ಗು ಮಾತ್ರ ಹುಡುಕಿದರೂ ಇಲ್ಲ.

ಇನ್ನೂ ಬೆಳಕು ಬೇಕೇನೋ. ನಾಳೆಯಿಂದ ಹಗಲಿಡೀ ತಾರಸಿಯ ಮೇಲೆ, ರಾತ್ರಿ ದೀಪದ ಕೆಳಗೆ. ಮೂರು ಮಹಡಿ ಹತ್ತಬೇಕು. ಹತ್ತುತ್ತೇನೆ.

ಸೆಪ್ಟೆಂಬರ್ ೨, ಮಂಗಳವಾರ

ಎಲೆಗಳ ಅಂಚು ಸುಟ್ಟಿದೆ. ಮೇಲಿನವು ಕಾಗದದಂತೆ ಗರಿಗರಿ. ಎರಡೇ ದಿನದ ಬಿಸಿಲಿಗೆ.

ಒಂದು ಗಿಡ ಅವಳು ನನ್ನ ಕೈಗೆ ಕೊಟ್ಟು ಹೋದಳು. ಅದನ್ನೂ ಕೊಲ್ಲುತ್ತಿದ್ದೇನೆ. ಊಟ ಸೇರಲಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಕುಂಡವನ್ನು ಎತ್ತಿಕೊಂಡೇ ನರ್ಸರಿಗೆ ಹೋದೆ. ಬಸ್ಸಿನಲ್ಲಿ ಜನ ನನಗೆ ಜಾಗ ಬಿಟ್ಟರು. ನರ್ಸರಿ ನಡೆಸುವ ಹೆಂಗಸಿಗೆ ಎಪ್ಪತ್ತರ ಹತ್ತಿರ ಇರಬೇಕು. ಉಗುರಿನ ಸಂದಿಯಲ್ಲೆಲ್ಲ ಮಣ್ಣು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಗಿಡ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನಪ್ಪಾ ಮಾಡಿದೆ ಇದಕ್ಕೆ?"

ಹೇಳಿದೆ. ನನ್ನ ಎರಡು ದೀಪಗಳ ಬಗ್ಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಮೊದಲ್ನೇದು, ಮನೆಯೊಳಗೆ ಬೆಳೆದಿದ್ದನ್ನ ಏಕಾಏಕಿ ಬಿಸಿಲಿಗೆ ತಳ್ಳಬಾರದು. ಮೊದಲು ಬೆಳಗಿನ ಎಳೆ ಬಿಸಿಲು, ಒಂದು ಗಂಟೆ. ಆಮೇಲೆ ಎರಡು, ಮೂರು, ಹಾಗೆ ಏರಿಸ್ಕೊಂಡು ಹೋಗ್ಬೇಕು. ಎರಡನೇದು, ರಾತ್ರಿ ದೀಪ ಯಾಕೆ ಹಾಕಿದೆ?"

"ಹೂ ಬರ್ಲಿ ಅಂತ."

ಅವರು ನಕ್ಕರು. ಮೇಲಿನ ಸಾಲು ಕಟ್ಟುಹಲ್ಲು. ಒಳ್ಳೆಯ ಕೆಲಸ, ನನ್ನದಲ್ಲ.

"ಅಯ್ಯೋ ನಮ್ಮಪ್ಪ, ಸೇವಂತಿಗೆ ಬೆಳೆಯೋರು ಹೂ ತಡವಾಗಿ ಬರ್ಲಿ ಅನ್ನೋವಾಗ ತೋಟದಲ್ಲೆಲ್ಲ ರಾತ್ರಿ ಬಲ್ಬು ಹಾಕ್ತಾರೆ. ಬೆಳಕಿದ್ದಷ್ಟು ಹೊತ್ತು ಅದು ಎಲೆ ಬಿಡ್ತಾನೇ ಇರತ್ತೆ. ಇದಕ್ಕೆ ಹಗಲು ಬಿಸಿಲು ಬೇಕು, ನಿಜ. ಆದ್ರೆ ಸಂಜೆ ಆದ್ಮೇಲೆ ಕತ್ತಲೆ ಬೇಕು. ಹನ್ನೆರಡು ಹದಿಮೂರು ಗಂಟೆ, ಒಂದೇ ಸಮ. ನಡುವೆ ಒಂದು ಸಲ ದೀಪ ಬಿದ್ರೂ ಕೆಟ್ಟಿತು. ಎಷ್ಟು ವರ್ಷದಿಂದ ಹೀಗೆ ಇಟ್ಟಿದ್ದೀಯ?"

"ಹನ್ನೊಂದು."

ಅವರು ಸುಟ್ಟ ಎಲೆಗಳನ್ನು ಒಂದೊಂದಾಗಿ ಕಿತ್ತರು.

ಸೆಪ್ಟೆಂಬರ್ ೭, ಭಾನುವಾರ

ಇವತ್ತಿನಿಂದ ಶುರು. ಇನ್ನು ಹತ್ತು ವಾರ. ಲೆಕ್ಕಕ್ಕೆ ಸರಿಹೋಗುತ್ತದೆ ಎಂದಿದ್ದಾರೆ ನರ್ಸರಿಯಮ್ಮ.

ಎಲ್ಲಿಡುವುದು ಎಂಬುದೇ ತಲೆನೋವು. ಮಲಗುವ ಕೋಣೆಗೆ ಬೀದಿ ದೀಪ ಬೀಳುತ್ತದೆ. ಅಡುಗೆಮನೆಗೆ ಬಾಗಿಲಿಲ್ಲ. ತಾರಸಿಯ ಮೇಲೆ ಎದುರು ಕಟ್ಟಡದ ಜಾಹೀರಾತು ಬೆಳಗಿನವರೆಗೂ ಉರಿಯುತ್ತಿರುತ್ತದೆ. ರಟ್ಟಿನ ಪೆಟ್ಟಿಗೆ ಮುಚ್ಚೋಣವೆಂದರೆ ನಾನೇ ದೀಪ ಹಾಕಿ ಹಾಕಿ ಎರಡೂವರೆ ಅಡಿ ಎತ್ತರ ಮಾಡಿಟ್ಟಿದ್ದೇನೆ. ಕೊನೆಗೆ ನಡುಮನೆಯೇ ಗತಿ. ಕಿಟಕಿಗೆ ಕಂಬಳಿ ಹೊಡೆದೆ. ಆರು ಗಂಟೆಗೆ ದೀಪ ಆರಿಸಿದೆ.

ಆರಿಸಿದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ದೀಪ ಹಾಕಿದರೆ ಇಲ್ಲಿಗೂ ಬೀಳುತ್ತದೆ. ಕತ್ತಲಲ್ಲೇ ಬ್ರೆಡ್ ತಿಂದೆ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಬೀದಿ ದೀಪದ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಏಳೂಕಾಲು. ಸಂಜೆ ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಇವತ್ತು ಪಾಲಿಶ್ ಹಾಕುವಾಗ ಒಂದು ವಿಷಯ ಹೊಳೆಯಿತು. ಕೈಯಲ್ಲಿದ್ದ ಸೆಟ್ ಕೆಳಗಿಟ್ಟುಬಿಟ್ಟೆ.

ಆ ಗಿಡ ಒಂದು ಸಲ ಹೂ ಬಿಟ್ಟಿತ್ತು. ನಮ್ಮ ಮದುವೆಯಾದ ನಾಲ್ಕನೇ ವರ್ಷ. ಹೊಸ ಮೆಶಿನ್ನಿನ ಕೆಲಸ ಕಲಿಯಲು ನಾನು ಮೂರು ತಿಂಗಳು ಬೇರೆ ಊರಿನಲ್ಲಿದ್ದೆ. ಒಂದು ದಿನ ಅವಳ ಫೋನ್ ಬಂತು. ಅಷ್ಟು ಸಂತೋಷದ ದನಿ ನಾನು ಅವಳಲ್ಲಿ ಆಮೇಲೆ ಕೇಳಲಿಲ್ಲ.

"ರೀ, ಹೂ ಬಂತು ರೀ. ಹದಿನೇಳು ಹೂ. ಎಣಿಸಿದೆ."

"ಒಳ್ಳೇದು. ಅಚ್ಚಿನ ಪ್ಲಾಸ್ಟರ್ ಮೂಟೆ ಬಂತಾ?" ಅಂದಿದ್ದೆ.

ನಾನು ಹಿಂದಿರುಗುವ ಹೊತ್ತಿಗೆ ಹೂ ಉದುರಿತ್ತು. ಮತ್ತೆ ಬರಲಿಲ್ಲ. ನಾನು ಮನೆಯಲ್ಲಿಲ್ಲದ ಮೂರು ತಿಂಗಳು ಈ ಮನೆಯಲ್ಲಿ ಸಂಜೆ ಆಗಿತ್ತು, ಗಿಡಕ್ಕೆ ಅದು ಸಾಕಾಗಿತ್ತು. ಬಂದೆ, ದೀಪ ಹಾಕಿದೆ.

ಅಳು ಬಂತು. ನಲವತ್ತೆಂಟರ ಗಂಡಸು ಯಾರದೋ ದವಡೆಯ ಅಚ್ಚಿನ ಮುಂದೆ ಕೂತು ಅತ್ತೆ ಎಂದು ಬರೆಯಲು ನಾಚಿಕೆ. ಆದರೂ ಬರೆದಿದ್ದೇನೆ, ಓದುವವರು ಯಾರಿದ್ದಾರೆ.

ಸೆಪ್ಟೆಂಬರ್ ೧೫, ಸೋಮವಾರ

ಆರಿಸಿದೆ. ಕೂತಿದ್ದೆ.

ಸೆಪ್ಟೆಂಬರ್ ೨೪, ಬುಧವಾರ

ಗಿಡಕ್ಕೆ ಈಗ ಐದು ಗಂಟೆಯ ಬಿಸಿಲು ಅಭ್ಯಾಸವಾಗಿದೆ. ಎಂಟಕ್ಕೆ ಮೇಲೆ ಒಯ್ಯುತ್ತೇನೆ, ಒಂದಕ್ಕೆ ಕೆಳಗೆ ತರುತ್ತೇನೆ. ಆರಕ್ಕೆ ದೀಪ ಆರಿಸಿ, ಬಾಗಿಲು ಎಳೆದುಕೊಂಡು ನಾನೊಬ್ಬನೇ ತಾರಸಿಗೆ ಹೋಗುತ್ತೇನೆ. ಮನೆಯೊಳಗೆ ಕತ್ತಲಲ್ಲಿ ಕೂತು ಎಷ್ಟೆಂದು ಗೋಡೆ ನೋಡುವುದು.

ಅಲ್ಲಿ ಎರಡನೇ ಮಹಡಿಯ ಕಂಡಕ್ಟರ್ ಸಿಗುತ್ತಾರೆ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ನಿಂತು ಮಾತಾಡುವಾಗಲೂ ಯಾವುದೋ ಕಂಬಿ ಹಿಡಿದವರಂತೆ ಒಂದು ಕೈ ಮೇಲೆ ಹೋಗುತ್ತದೆ.

"ಏನ್ ಹಲ್ಲಿನವ್ರೇ, ನಿಮಗೂ ಗಾಳಿ ಬೇಕಾಯ್ತಾ ಕೊನೆಗೂ? ನಿಮ್ಮನೆಯವರು ದಿನಾ ಬರೋರು."

"ಎಲ್ಲಿಗೆ?"

"ಇಲ್ಲಿಗೇ. ಆರಕ್ಕೆ ಹತ್ತಿ ಬಂದ್ರೆ ಏಳೂವರೆಗೆ ಇಳಿಯೋರು. ಮೂಲೇಲಿ ಆ ಟ್ಯಾಂಕ್ ಹತ್ರ ನಿಲ್ಲೋರು. ನಾನು ಮೂವತ್ತು ವರ್ಷ ಟಿಕೆಟ್ ಹರಿದ ಕಥೆ ಎಲ್ಲಾ ಅವರಿಗೆ ಬಾಯಿಪಾಠ. ನಿಮಗೆ ಹೇಳಿರ್ಬೇಕಲ್ಲ."

ಹೇಳಿದ್ದಾಳೆಂದೆ. ಇಲ್ಲವೆನ್ನಲು ಮನಸ್ಸಾಗಲಿಲ್ಲ. ನಿಜವಾಗಿ ಹೇಳಿಯೂ ಇರಬಹುದು. ಮೆಶಿನ್ ಸದ್ದಿನಲ್ಲಿ ನಾನು ಹೂಂಗುಟ್ಟಿರಬಹುದು. ಟ್ಯಾಂಕಿನ ಹತ್ತಿರ ಹೋಗಿ ನಿಂತು ನೋಡಿದೆ. ಅಲ್ಲಿಂದ ಬಸ್ ನಿಲ್ದಾಣ, ಒಂದು ಬೇಕರಿಯ ಹಿಂಬಾಗಿಲು, ನಮ್ಮ ಕಿಟಕಿಯ ಬೆಳಕು ಬೀಳುವ ಎದುರು ಗೋಡೆ ಕಾಣುತ್ತದೆ. ನಾನು ದೀಪ ಆರಿಸಿದೆನೇ ಎಂದು ಅವಳು ಆ ಗೋಡೆ ನೋಡಿ ತಿಳಿದುಕೊಳ್ಳಬಹುದಿತ್ತು.

ಅಕ್ಟೋಬರ್ ೫, ಭಾನುವಾರ

ಮೊಗ್ಗು.

ಒಂದಲ್ಲ, ಎಲ್ಲ ತುದಿಯಲ್ಲೂ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹಲ್ಲು ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ಕಂಡಕ್ಟರನ್ನು ಕರೆದು ತೋರಿಸಿದೆ. "ರೈಟ್ ರೈಟ್" ಅಂದರು.

ಅವಳ ಅಂಗಡಿಗೆ ಫೋನ್ ಮಾಡಿದೆ. ಭಾನುವಾರವೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ. "ಹಲೋ, ಔಷಧಿ ಅಂಗಡಿ" ಎಂದು ಅವಳ ದನಿ ಬಂತು. ಎರಡು ಸಲ ಹಲೋ ಅಂದಳು. ಫೋನ್ ಇಟ್ಟುಬಿಟ್ಟೆ.

ಅಕ್ಟೋಬರ್ ೧೩, ಸೋಮವಾರ

ಐದೂವರೆಗೆ ಡಾಕ್ಟರಮ್ಮನ ಫೋನ್. ನನ್ನ ಅರ್ಧ ಕೆಲಸ ಕೊಡುವವರು ಇವರೇ. ಒಬ್ಬರ ಸೆಟ್ ಬಿದ್ದು ಎರಡು ಹೋಳಾಗಿದೆ, ಬೆಳಿಗ್ಗೆ ಎಂಟಕ್ಕೆ ಬೇಕು, ಈಗಲೇ ಕಳಿಸುತ್ತೇನೆ ಎಂದರು.

"ಆರರ ಮೇಲೆ ಆಗಲ್ಲ, ಡಾಕ್ಟರೇ. ಬೆಳಿಗ್ಗೆ ಬೇಗ ಎದ್ದು ಮಾಡಿದ್ರೂ ಹತ್ತೂವರೆ ಆಗತ್ತೆ."

ಹದಿನೆಂಟು ವರ್ಷದಲ್ಲಿ ಯಾವ ಡಾಕ್ಟರಿಗೂ ಆಗುವುದಿಲ್ಲ ಎಂದವನಲ್ಲ ನಾನು.

"ಓ, ಸರಿ. ಹತ್ತೂವರೆಗೇ ಬನ್ನಿ ಅಂತ ಅವರಿಗೆ ಹೇಳ್ತೀನಿ," ಎಂದರು.

ಅಷ್ಟೇ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅಕ್ಟೋಬರ್ ೨೯, ಬುಧವಾರ

ಮೊಗ್ಗುಗಳ ಬಾಯಿ ಬಿರಿದು ಬಣ್ಣ ಕಾಣುತ್ತಿದೆ. ನರ್ಸರಿಯಮ್ಮನಿಗೆ ಫೋನ್ ಮಾಡಿದೆ. ಇನ್ನು ಕತ್ತಲೆ ಬೇಕಿಲ್ಲವಂತೆ. ಬಣ್ಣ ಕಂಡ ಮೇಲೆ ದೀಪ ಹಾಕಿದರೂ ಹೂ ಹಿಂದೆ ಹೋಗುವುದಿಲ್ಲ, ಬೆಳಗಿನ ಬಿಸಿಲು ಸಿಕ್ಕರೆ ಸಾಕು ಎಂದರು.

ಆದರೂ ಆರಕ್ಕೆ ಆರಿಸಿದೆ. ಯಾವುದಕ್ಕೂ ಇರಲಿ. ತಾರಸಿಯಲ್ಲಿ ಕಂಡಕ್ಟರ್ ಕಾಯುತ್ತಿರುತ್ತಾರೆ. ನಿನ್ನೆಯ ಕಥೆ ಅರ್ಧಕ್ಕೆ ನಿಂತಿತ್ತು, ಕೊನೆಯ ಟ್ರಿಪ್ಪಿನಲ್ಲಿ ಒಬ್ಬಳು ಹೆಂಗಸು ಇಳಿಯುವುದೇ ಇಲ್ಲ ಎಂದು ಕೂತದ್ದು.

ನವೆಂಬರ್ ೯, ಭಾನುವಾರ

ಅರಳಿದೆ. ಇಪ್ಪತ್ತಾರು ಹೂ, ಇನ್ನೂ ಹತ್ತು ಬಿಚ್ಚಿಕೊಳ್ಳಬೇಕು. ಬಿಳಿ ಎಂದುಕೊಂಡಿದ್ದೆ, ಬಿಳಿಯಲ್ಲ. ಹಲ್ಲಿನ ಬಣ್ಣದ ಪಟ್ಟಿ ತಂದು ಎಸಳಿನ ಪಕ್ಕ ಹಿಡಿದು ನೋಡಿದೆ. ಹದಿನಾರು ಬಣ್ಣದಲ್ಲಿ ಯಾವುದಕ್ಕೂ ಹೊಂದಲಿಲ್ಲ.

ಮನೆ ಗುಡಿಸಿದೆ. ಮೇಜಿನ ಕೆಳಗೆ ಹನ್ನೊಂದು ವರ್ಷದ ಪ್ಲಾಸ್ಟರ್ ಪುಡಿ ಇತ್ತು. ಒಳ್ಳೆಯ ಚಹಾಪುಡಿ ತಂದೆ. ಅವಳಿಗೆ ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ನನ್ನ ಹಲ್ಲೇ ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಇರಲಿ, ಹೂವೇ ಹೇಳುತ್ತದೆ.

ಅವಳು ಉಳಿದುಕೊಳ್ಳುತ್ತಾಳೆ ಎಂದು ನನಗನ್ನಿಸುತ್ತಿದೆ. ಬರೆದರೆ ಕಣ್ಣು ತಾಗುತ್ತದೇನೋ.

ನವೆಂಬರ್ ೧೬, ಭಾನುವಾರ

ಹತ್ತು ಗಂಟೆಗೆ ಬಂದಳು. ಸಾಮಾನು ಸಾಗಿಸುವ ಗಾಡಿ ತಮ್ಮನ ಮನೆಯಿಂದ ನೇರ ಹೊಸ ಮನೆಗೆ ಹೋಗಿದೆ, ಕೆಳಗೆ ಟ್ಯಾಕ್ಸಿ ಕಾಯುತ್ತಿದೆ ಎಂದಳು. ತೆಳ್ಳಗಾಗಿದ್ದಾಳೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ, ಅದು ಚೆನ್ನಾಗಿ ಕಾಣುತ್ತದೆ.

ಕಿಟಕಿಯ ಕಡೆ ನೋಡಿದವಳು ಹಾಗೇ ನಿಂತಳು.

"ಇಷ್ಟು ಹೂವಾ?"

"ಮೂವತ್ನಾಲ್ಕು. ಎಣಿಸಿದೆ."

ನಕ್ಕಳು. ಆ ಕೋರೆಹಲ್ಲು ಕಂಡಿತು. ನಾನಂದುಕೊಂಡ ಹಾಗೇ ಕೂತಳು. ಚಹಾ ಕೊಟ್ಟೆ. ಕುಂಡವನ್ನು ಹತ್ತಿರ ಎಳೆದುಕೊಂಡು ಒಂದೊಂದು ಹೂವನ್ನೂ ಬೆರಳಿನಿಂದ ಮುಟ್ಟಿದಳು.

"ಹೇಗೆ ಬಂತು ರೀ ಇದು?"

ಬಾಯಿ ಬಿಟ್ಟೆ, ನಿಲ್ಲಿಸಲಾಗಲಿಲ್ಲ. ಸುಟ್ಟ ಎಲೆ, ನರ್ಸರಿಯಮ್ಮ, ಕಂಬಳಿ, ಕತ್ತಲಲ್ಲಿ ತಿಂದ ಬ್ರೆಡ್ಡು, ತಾರಸಿ, ಕಂಡಕ್ಟರ್, ಎಲ್ಲ ಹೇಳಿದೆ. ಸೆಪ್ಟೆಂಬರ್ ಏಳರಿಂದ ನಿನ್ನೆಯವರೆಗೆ ಎಪ್ಪತ್ತು ಸಂಜೆ, ಒಂದು ದಿನವೂ ತಪ್ಪಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ಅವಳೊಂದಿಗೆ ಒಂದೇ ಸಲಕ್ಕೆ ಅಷ್ಟು ಮಾತಾಡಿರಲಿಲ್ಲ.

"ದಿನಾನಾ?"

"ದಿನಾ."

"ಡಾಕ್ಟರಮ್ಮ ಅರ್ಜೆಂಟು ಅಂದ್ರೆ?"

"ಆರರ ಮೇಲೆ ಆಗಲ್ಲ ಅಂದೆ."

"ಏನಂದ್ರು?"

"ಏನಿಲ್ಲ. ಸರಿ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಅವಳು ಲೋಟ ಕೆಳಗಿಟ್ಟಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ದಡ್ಡ, ಸಂತೋಷಕ್ಕೆ ಎಂದುಕೊಂಡೆ. ಭುಜ ಮುಟ್ಟಲು ಹೋದೆ. ಅವಳು ನಿಧಾನವಾಗಿ ಸರಿದಳು.

"ನಿಮ್ಮ ಕೈಲಿ ಆಗಲ್ಲ ಅಂದ್ಕೊಂಡಿದ್ದೆ ರೀ. ಕೆಲಸ ಅಂಥದ್ದು, ಪಾಪ, ಅವರೇನ್ ಮಾಡ್ತಾರೆ ಅಂತ ನಾನೇ ನನಗೆ ಹೇಳ್ಕೊಂಡು ಬಂದೆ ಇಷ್ಟು ವರ್ಷ. ಬಿಟ್ಟು ಹೋಗುವಾಗ್ಲೂ ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ." ಮೂಗು ಒರೆಸಿಕೊಂಡಳು. "ಆಗ್ತಿತ್ತು ಅಲ್ವಾ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ನಿನಗೋಸ್ಕರಾನೇ ಮಾಡಿದ್ದು."

"ನಾನು ಇಲ್ಲಿದ್ದಾಗ ಮಾಡ್ಲಿಲ್ಲ. ಎಷ್ಟು ಸಲ ಕೇಳ್ದೆ. ಒಂದು ಸಂಜೆ ಆರಿಸಿ ಬನ್ನಿ, ತಾರಸಿಗೆ ಹೋಗೋಣ ಅಂತ. ಎಪ್ಪತ್ತು ಕೇಳಿರ್ಲಿಲ್ಲ ನಾನು."

"ಈಗ ಬಾ. ಇನ್ಮೇಲೆ ದಿನಾ ಆರಿಸ್ತೀನಿ. ಆಣೆ."

"ಗೊತ್ತು. ನಂಬ್ತೀನಿ." ಕಿಟಕಿಯ ಕಡೆ ನೋಡಿದಳು. "ಅದೇ ಕಷ್ಟ. ನೀವು ಆರಿಸಿದಾಗೆಲ್ಲ, ಆವಾಗ ಯಾಕಾಗ್ಲಿಲ್ಲ ಅಂತ ಅನ್ಸತ್ತೆ ನನಗೆ. ಪ್ರತಿ ಸಂಜೆ ಅನ್ಸತ್ತೆ. ಬೇಡ ರೀ."

ಟ್ಯಾಕ್ಸಿಯವನು ಎರಡು ಸಲ ಹಾರನ್ ಮಾಡಿದ. ಕುಂಡವನ್ನು ನಾನೇ ಎತ್ತಿಕೊಂಡು ಇಳಿದೆ. ಹಿಂದಿನ ಸೀಟಿನಲ್ಲಿ ಅವಳ ಕಾಲ ಬಳಿ ಇಟ್ಟು, ಅಲ್ಲಾಡದಂತೆ ಎರಡು ಕಡೆ ಕಾಗದ ತುರುಕಿದೆ. ಹಳ್ಳದಲ್ಲಿ ನಿಧಾನಕ್ಕೆ ಹೋಗಪ್ಪ ಎಂದು ಟ್ಯಾಕ್ಸಿಯವನಿಗೆ ಹೇಳಿದೆ. ಅವಳು ಕಿಟಕಿ ಇಳಿಸಿ, "ಊಟ ಸರಿಯಾಗಿ ಮಾಡಿ" ಅಂದಳು. ಸರಿ ಅಂದೆ.

ನವೆಂಬರ್ ೧೯, ಬುಧವಾರ

ಐದೂಮುಕ್ಕಾಲಿಗೆ ಅವಳ ಫೋನ್ ಬಂತು. ಎರಡು ಸಲ ತಪ್ಪು ಒತ್ತಿದೆ.

"ರೀ, ಒಂದು ಕೇಳ್ಬೇಕಿತ್ತು. ಇಲ್ಲಿ ಬಾಲ್ಕನಿಗೆ ಬೀದಿ ದೀಪ ಬೀಳತ್ತೆ. ಸಂಜೆ ಕುಂಡನ ಒಳಗೆ ತಂದು ಕತ್ತಲಲ್ಲಿ ಇಡ್ಬೇಕಾ? ಎಷ್ಟು ಗಂಟೆಗೆ?"

ಮಾತಾಡುತ್ತಲೇ ಅವಳು ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಬೇರೆ ದನಿ ಇರಲಿಲ್ಲ, ಒಬ್ಬಳೇ ಇದ್ದಳೇನೋ.

"ಬೇಡ," ಅಂದೆ. "ಹೂ ಬಂದ್ಮೇಲೆ ದೀಪ ಬಿದ್ರೂ ಏನೂ ಆಗಲ್ಲ. ಅಲ್ಲೇ ಇರ್ಲಿ. ಬೆಳಗಿನ ಬಿಸಿಲು ಬಿದ್ರೆ ಸಾಕು."

"ಹಾಗಾದ್ರೆ ಏನೂ ಮಾಡ್ಬೇಕಿಲ್ವಾ?"

"ಏನೂ ಮಾಡ್ಬೇಕಿಲ್ಲ."

"ಸರಿ ರೀ, ಇಡ್ತೀನಿ" ಅಂದಳು. ಇಟ್ಟಳು.

ಆರು ಗಂಟೆಗೆ ಎಂದು ಹೇಳಬಹುದಿತ್ತು. ಸುಳ್ಳಾದರೂ, ದಿನಾ ಆರು ಗಂಟೆಗೆ ಕುಂಡ ಎತ್ತುವಾಗ ಅವಳಿಗೆ ಒಂದು ಸಲ ನನ್ನ ನೆನಪಾಗುತ್ತಿತ್ತು.